ಒಡಂಬಡಿಕೆ ಅಂದ್ರೆ ಏನು? ಬೈಬಲ್ ಒಳಗೆ ಪುಸ್ತಕಗಳು ಹೇಗೆ ಕೂತಿವೆ?

'ಹೊಸ ಒಡಂಬಡಿಕೆ' ಅನ್ನೋ ಪದ ಬೈಬಲ್ ಓದದೇ ಇರೋರೂ ನೋಡಿರ್ತಾರೆ, ಬಸ್ ಸ್ಟ್ಯಾಂಡಲ್ಲಿ ಯಾರೋ ಕೈಗಿಟ್ಟು ಹೋದ ಸಣ್ಣ ಪುಸ್ತಕದ ಮೇಲೆ ಅದೇ ಇರತ್ತೆ. ಚಿಕ್ಕವನಿದ್ದಾಗ ನಂಗೆ ಆ ಪದದಲ್ಲಿ 'ಬಡಿ' ಅನ್ನೋದು ಮಾತ್ರ ಕಾಣ್ತಿತ್ತು, ಯಾರೋ ಯಾರಿಗೋ ಬಡಿದ ಕಥೆ ಇರಬೇಕು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಒಡಂಬಡು ಅಂದ್ರೆ ಒಪ್ಪು, ಒಡಂಬಡಿಕೆ ಅಂದ್ರೆ ಒಪ್ಪಂದ, ಕರಾರು ಅಂತ. ಸರಿ, ಆದ್ರೆ ಒಂದು ಧರ್ಮಗ್ರಂಥದ ಅರ್ಧಕ್ಕೆ 'ಹಳೇ ಕರಾರು' ಇನ್ನರ್ಧಕ್ಕೆ 'ಹೊಸ ಕರಾರು' ಅಂತ ಯಾಕೆ ಹೆಸರಿಟ್ರು? ಅದನ್ನ ಹಿಡ್ಕೊಂಡು ಹೋದ್ರೆ ಇಡೀ ಬೈಬಲ್ ಹೇಗೆ ಜೋಡಿಸಿದಾರೆ ಅನ್ನೋದೂ ತಿಳಿಯತ್ತೆ.

ಮೂಲ ಪದ ಹೀಬ್ರೂ ಭಾಷೆಯ 'ಬೆರಿತ್'. ನಾವು ಒಪ್ಪಂದ ಮಾಡ್ಕೋತೀವಿ, ಹೀಬ್ರೂನಲ್ಲಿ ಒಪ್ಪಂದ 'ಕಡೀತಾರೆ'. ಯಾಕೆ ಅಂತ ಆದಿಕಾಂಡದ 15ನೇ ಅಧ್ಯಾಯ ಓದಿದ್ರೆ ಕಣ್ಣಿಗೆ ಕಟ್ಟತ್ತೆ. ದೇವರು ಅಬ್ರಾಮನಿಗೆ (ಇವನೇ ಮುಂದೆ ಅಬ್ರಹಾಮ) ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು, ಜೊತೆಗೆ ಎರಡು ಹಕ್ಕಿ ತಗೊಂಬಾ ಅಂತಾನೆ. ಅವನು ಪ್ರಾಣಿಗಳನ್ನ ನಡುವಿಗೆ ಕಡಿದು ಎರಡೆರಡು ಹೋಳು ಎದುರುಬದುರು ಇಡ್ತಾನೆ, ಹಕ್ಕಿಗಳನ್ನ ಮಾತ್ರ ಕಡಿಯಲ್ಲ. ಹದ್ದುಗಳು ಬಂದು ಎರಗ್ತವೆ, ಪಾಪ ಅವನು ಓಡಿಸ್ತಾ ಕೂತಿರ್ತಾನೆ. ಆ ಕಾಲದಲ್ಲಿ ಕರಾರು ಮಾಡ್ಕೊಂಡೋರು ಹೋಳುಗಳ ಮಧ್ಯೆ ನಡ್ಕೊಂಡು ಹೋಗಬೇಕು, ಮಾತಿಗೆ ತಪ್ಪಿದ್ರೆ ನಂಗೂ ಇದೇ ಗತಿ ಅಂತ ಅದರರ್ಥ. ಆದ್ರೆ ಈ ಕಥೇಲಿ ಹೊತ್ತು ಮುಳುಗೋವಾಗ ಅಬ್ರಾಮನಿಗೆ ಗಾಢನಿದ್ದೆ, ಕತ್ತಲಲ್ಲಿ ಹೊಗೆಯಾಡೋ ಒಂದು ಒಲೆ, ಉರಿಯೋ ಒಂದು ಪಂಜು ಹೋಳುಗಳ ಮಧ್ಯೆ ಹಾದು ಹೋಗತ್ತೆ. ಅವು ದೇವರ ಗುರುತು, ಅಂದ್ರೆ ದೇವರು ಒಬ್ಬನೇ ನಡೆದ, ಮನುಷ್ಯ ನಡೀಲೇ ಇಲ್ಲ. ಒಂದೇ ಕಡೆ ಸಹಿ ಬಿದ್ದ ಕರಾರು ಇದು.

ಈ 'ಒಂದೇ ಕಡೆ' ಅನ್ನೋದು ಮುಂದೆ ದೊಡ್ಡ ತಿರುವು ತಂತು. ಕ್ರಿಸ್ತಪೂರ್ವ 3ನೇ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಯೆಹೂದಿ ವಿದ್ವಾಂಸರು ತಮ್ಮ ಗ್ರಂಥಗಳನ್ನ ಗ್ರೀಕಿಗೆ ತರೋಕೆ ಶುರು ಮಾಡಿದ್ರು (ಅದಕ್ಕೆ ಸೆಪ್ಟುವಜಿಂಟ್ ಅಂತಾರೆ, ಎಪ್ಪತ್ತು ಜನರ ಅನುವಾದ ಅಂತ). ಬೆರಿತ್‌ಗೆ ಗ್ರೀಕಿನಲ್ಲಿ ಏನು ಹಾಕೋದು? ಸರಿಸಮ ಇಬ್ಬರ ಒಪ್ಪಂದಕ್ಕೆ 'ಸಿಂಥೇಕೆ' ಅನ್ನೋ ಪದ ಇತ್ತು, ಅದನ್ನ ಬಿಟ್ಟು 'ದಿಯಾಥೇಕೆ' ತಗೊಂಡ್ರು. ಆ ಪದಕ್ಕೆ ಊರಲ್ಲಿ ಬಳಕೆಯಲ್ಲಿದ್ದ ಅರ್ಥ ವಿಲ್, ಉಯಿಲು, ಮರಣಶಾಸನ. ಅಪ್ಪ ವಿಲ್ ಬರೆಸೋವಾಗ ಮಕ್ಕಳ ಸಹಿ ಬೇಕಾಗಿಲ್ಲ ನೋಡಿ, ದೇವರೂ ಮನುಷ್ಯನೂ ಸರಿಸಮ ಪಾರ್ಟಿಗಳಲ್ಲ ಅನ್ನೋದಕ್ಕೇ ಈ ಪದ ಹಿಡಿಸಿರಬೇಕು ಅಂತಾರೆ ತಿಳಿದೋರು. ಗ್ರೀಕಿನಿಂದ ಲ್ಯಾಟಿನ್‌ಗೆ ಹೋದಾಗ ಅದು 'ತೆಸ್ತಮೆಂತುಮ್' ಆಯ್ತು, ಅಲ್ಲಂತೂ ಉಯಿಲಿನ ಅರ್ಥವೇ ಗಟ್ಟಿ, ಅಲ್ಲಿಂದ ಇಂಗ್ಲಿಷಿಗೆ ಟೆಸ್ಟಮೆಂಟ್. ಇವತ್ತು ಇಂಗ್ಲಿಷ್ ಓದೋನಿಗೆ ಓಲ್ಡ್ ಟೆಸ್ಟಮೆಂಟ್ ಅಂದ್ರೆ ಕರಾರು ಅನ್ನೋದು ಹೊಳೆಯೋದೇ ಇಲ್ಲ, ಸುಮ್ನೆ ಒಂದು ಹೆಸರು ಅಷ್ಟೇ. ನನ್ನ ಪ್ರಕಾರ ಈ ವಿಷಯದಲ್ಲಿ ಕನ್ನಡ ಬೈಬಲ್ ಇಂಗ್ಲಿಷ್ ಬೈಬಲ್‌ಗಿಂತ ಮೇಲು, ಒಡಂಬಡಿಕೆ ಅನ್ನೋದು ಆ ಉಯಿಲಿನ ದಾರಿ ಬಿಟ್ಟು ನೇರ ಬೆರಿತ್ ಪಕ್ಕ ಹೋಗಿ ನಿಲ್ಲತ್ತೆ.

ಇನ್ನು ಪುಸ್ತಕಗಳಿಗೆ ಆ ಹೆಸರು ಅಂಟಿದ್ದು ಹೇಗೆ. ಪ್ರವಾದಿ ಯೆರೆಮೀಯ 31ನೇ ಅಧ್ಯಾಯದಲ್ಲಿ ಹೊಸ ಒಡಂಬಡಿಕೆ ಮಾಡ್ಕೊಳ್ಳೋ ದಿನ ಬರತ್ತೆ ಅಂದಿದ್ದ. ಯೇಸು ಕೊನೇ ಊಟದಲ್ಲಿ ಪಾತ್ರೆ ಎತ್ತಿ ಇದು ನನ್ನ ರಕ್ತದಿಂದ ಆಗೋ ಹೊಸ ಒಡಂಬಡಿಕೆ ಅಂದದ್ದು ಲೂಕನ ಸುವಾರ್ತೆಯಲ್ಲಿದೆ (ಸುವಾರ್ತೆ ಅಂದ್ರೆ ಯೇಸುವಿನ ಬದುಕಿನ ಕಥೆ ಹೇಳೋ ಪುಸ್ತಕ). ಗಮನಿಸಿ, ಇಬ್ಬರೂ ಹೇಳ್ತಿರೋದು ಸಂಬಂಧದ ಬಗ್ಗೆ, ಪುಸ್ತಕದ ಬಗ್ಗೆ ಅಲ್ಲ. ಪುಸ್ತಕಗಳಿಗೆ ಆ ಹೆಸರು ಹಚ್ಚಿದ್ದು ನಿಧಾನಕ್ಕೆ, ಸುಮಾರು ಕ್ರಿಸ್ತಶಕ 170ರ ಹೊತ್ತಿಗೆ ಈಗಿನ ಟರ್ಕಿಯ ಸಾರ್ದಿಸ್ ಊರಿನ ಬಿಷಪ್ ಮೆಲಿಟೊ 'ಹಳೆ ಒಡಂಬಡಿಕೆಯ ಪುಸ್ತಕಗಳು' ಅಂತ ಒಂದು ಪಟ್ಟಿ ಕೊಡ್ತಾನೆ. ಯೆಹೂದಿಗಳು ಮಾತ್ರ ಇದನ್ನ ಹಳೇದು ಅನ್ನಲ್ಲ, ಅವರಿಗೆ ಹೊಸದೊಂದು ಇದ್ರೆ ತಾನೇ ಇದು ಹಳೇದಾಗೋದು. ಅವರ ಹೆಸರು ತನಖ್.

ಬೈಬಲ್ ಅನ್ನೋ ಪದಾನೂ ಹಾಗೇ, ಗ್ರೀಕಿನ 'ಬಿಬ್ಲಿಯ', ಪುಸ್ತಕಗಳು ಅಂತ ಬಹುವಚನ. ಲ್ಯಾಟಿನ್‌ನಲ್ಲಿ ಯಾವಾಗಲೋ ಏಕವಚನ ಆಗೋಯ್ತು. ಹಾಗಾಗಿ ಬೈಬಲ್ ಬರೆದದ್ದು ಯಾರು ಅಂತ ಕೇಳೋದು ವಚನಸಾಹಿತ್ಯ ಬರೆದದ್ದು ಯಾರು ಅಂತ ಕೇಳಿದ ಹಾಗೆ. ಒಂದು ಕಪಾಟು ಅಂದ್ಕೊಳ್ಳಿ, ಸುಮಾರು ಸಾವಿರ ವರ್ಷದಲ್ಲಿ ಬೇರೆ ಬೇರೆಯವರು ಬರೆದ ಕಟ್ಟುಗಳು ಅದರಲ್ಲಿವೆ, ಕಾನೂನು, ಅರಸರ ಇತಿಹಾಸ, ಹಾಡು, ಗಾದೆ, ಪ್ರೇಮಗೀತೆ, ಕಾಗದಪತ್ರ ಎಲ್ಲಾ. ಹಳೆ ಒಡಂಬಡಿಕೆ ಬಹುಪಾಲು ಹೀಬ್ರೂ, ದಾನಿಯೇಲ, ಎಜ್ರದಲ್ಲಿ ಒಂದಷ್ಟು ಭಾಗ ಅರಾಮಿಕ್, ಹೊಸ ಒಡಂಬಡಿಕೆ ಪೂರ್ತಿ ಗ್ರೀಕ್.

ಕಪಾಟಿನ ಮೊದಲ ಅರೆಯಲ್ಲಿ ಐದು ಪುಸ್ತಕ, ಯೆಹೂದಿಗಳ ತೋರಾ. ಕನ್ನಡದಲ್ಲಿ ಇವಕ್ಕೆ ರಾಮಾಯಣದ ಹಾಗೆ ಕಾಂಡ ಅಂತಲೇ ಹೆಸರು, ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ಅರಣ್ಯಕಾಂಡ ಅಂದ್ಕೂಡ್ಲೇ ನಮಗೆ ಸೀತೆ ನೆನಪಾಗ್ತಾಳೆ, ಇಲ್ಲಿರೋದು ಸಿನಾಯಿ ಮರುಭೂಮಿ, ನೆರಳಿಗೆ ಒಂದು ಮರ ಸಿಕ್ರೆ ಪುಣ್ಯ. ಆದ್ರೂ ಹೆಸರು ಚೆನ್ನಾಗಿದೆ, ಯಾಕಂದ್ರೆ ಈ ಪುಸ್ತಕದ ಹೀಬ್ರೂ ಹೆಸರು 'ಬಮಿದ್ಬಾರ್', ನಿರ್ಜನ ಪ್ರದೇಶದಲ್ಲಿ ಅಂತ. ಗ್ರೀಕಿನವರು ಅದರಲ್ಲಿರೋ ಜನಗಣತಿ ನೋಡಿ ಸಂಖ್ಯೆಗಳು ಅಂತ ಹೆಸರಿಟ್ರು, ಇಂಗ್ಲಿಷಿನ ನಂಬರ್ಸ್ ಅದೇ. ಇಲ್ಲೂ ಹಳೇ ಕನ್ನಡ ಬೈಬಲ್ ಹೀಬ್ರೂ ಕಡೆಗೇ ವಾಲಿದೆ. ಈವರೆಗೆ ಸಿಕ್ಕಿರೋ ಅತಿ ಹಳೆಯ ಬೈಬಲ್ ಸಾಲುಗಳೂ ಇದೇ ಕಾಂಡದ್ದು, 1979ರಲ್ಲಿ ಜೆರುಸಲೇಮಿನ ಕೆತೆಫ್ ಹಿನ್ನೋಮ್‌ನಲ್ಲಿ ಒಂದು ಸಮಾಧಿಯ ಒಳಗೆ ಬೆರಳುದ್ದದ ಬೆಳ್ಳಿ ಸುರುಳಿಗಳು ಸಿಕ್ಕವು, ತಾಯಿತದ ಥರ ಸುತ್ತಿದ್ದವು, ಬಿಡಿಸಿ ನೋಡಿದ್ರೆ 6ನೇ ಅಧ್ಯಾಯದ ಆಶೀರ್ವಾದ. ಸುಮಾರು 2600 ವರ್ಷ ಹಳೇದು.

ಈ ಐದೂ ಮೋಶೆ (ಇಸ್ರಾಯೇಲರನ್ನ ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿ ತಂದ ನಾಯಕ) ಬರೆದದ್ದು ಅಂತ ಸಂಪ್ರದಾಯ. ಧರ್ಮೋಪದೇಶಕಾಂಡದ ಕೊನೇ ಅಧ್ಯಾಯದಲ್ಲಿ ಮೋಶೆ ಸತ್ತದ್ದು, ಅವನ ಸಮಾಧಿ ಎಲ್ಲಿದೆ ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ ಅನ್ನೋದು ಇದೆ, ಅದನ್ನೂ ಅವನೇ ಬರೆದನಾ ಅಂತ ಹಿಂದಿನೋರೂ ತಲೆ ಕೆರ್ಕೊಂಡಿದಾರೆ. ಈಗಿನ ಹೆಚ್ಚಿನ ವಿದ್ವಾಂಸರು ಹಲವು ಕೈಗಳ ಬರಹ ಸೇರಿದೆ, ಬ್ಯಾಬಿಲೋನಿನ ಸೆರೆವಾಸದ (ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಯೆಹೂದಿಗಳನ್ನ ಹಿಡಿದು ಅಲ್ಲಿಗೆ ಒಯ್ದಿದ್ರು) ಆಚೀಚೆ ಈಗಿನ ರೂಪಕ್ಕೆ ಬಂತು ಅಂತಾರೆ.

ಮುಂದಿನ ಅರೆಗಳಲ್ಲೇ ಗಲಾಟೆ. ಯೆಹೂದಿಗಳ ಲೆಕ್ಕ 24 ಪುಸ್ತಕ, ಪ್ರೊಟೆಸ್ಟೆಂಟರ ಹಳೆ ಒಡಂಬಡಿಕೆ 39, ಒಳಗಿರೋದು ಒಂದೇ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಪ್ರೊಟೆಸ್ಟೆಂಟರಲ್ಲಿ ಎರಡೆರಡು, ಯೆಹೂದಿಗಳಲ್ಲಿ ಒಂದೊಂದು, ಎಜ್ರ ನೆಹೆಮೀಯ ಯೆಹೂದಿಗಳಲ್ಲಿ ಸೇರಿ ಒಂದು, ಹನ್ನೆರಡು ಕಿರಿಯ ಪ್ರವಾದಿಗಳು ಸೇರಿ ಒಂದು, ಕೂಡಿ ಕಳೆದು ನೋಡಿ ಸರಿಹೋಗತ್ತೆ. ಆದ್ರೆ ಜೋಡಿಸಿರೋ ಕ್ರಮ ಬೇರೆ. ತನಖ್ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತಕ್ಕೆ ಮುಗಿಯತ್ತೆ, ಕೊನೇ ಮಾತು ಪರ್ಷಿಯಾದ ರಾಜ ಕೋರೆಷ ಯೆಹೂದಿಗಳಿಗೆ ಜೆರುಸಲೇಮಿಗೆ ವಾಪಸ್ ಹೋಗಿ ಅಂತ ಅಪ್ಪಣೆ ಕೊಡೋದು. ಕ್ರೈಸ್ತರ ಜೋಡಣೆ ಪ್ರವಾದಿ ಮಲಾಕಿಯನಿಗೆ ಮುಗಿಯತ್ತೆ, ಹಿಂದಿನ ಪ್ರವಾದಿ ಎಲೀಯನನ್ನ ಕಳಿಸ್ತೀನಿ ಅನ್ನೋ ದೇವರ ಮಾತು, ಪುಟ ತಿರುಗಿಸಿದ್ರೆ ಮತ್ತಾಯನ ಸುವಾರ್ತೆ. ಒಂದು ಜೋಡಣೆ ನಿಮ್ಮೂರಿಗೆ ವಾಪಸ್ ಹೋಗಿ ಅನ್ನತ್ತೆ, ಇನ್ನೊಂದು ಯಾರೋ ಬರ್ತಿದಾರೆ ಕಾಯಿ ಅನ್ನತ್ತೆ, ಅವೇ ಪುಸ್ತಕಗಳು!

ಕ್ಯಾಥೊಲಿಕ್ ಲೆಕ್ಕ ಇನ್ನೂ ಬೇರೆ, ಹಳೆಯದು 46, ಹೊಸದು 27, ಒಟ್ಟು 73. ಸೆಪ್ಟುವಜಿಂಟ್ ಗ್ರೀಕ್ ಅನುವಾದ ಅಂದ್ನಲ್ಲ, ಅದರಲ್ಲಿ ಹೀಬ್ರೂ ಪಟ್ಟೀಲಿ ಇಲ್ಲದ ಕೆಲವು ಪುಸ್ತಕ ಇದ್ದವು, ತೋಬೀತ, ಯೂದಿತ, ಮಕ್ಕಬಿಯರು, ಸಿರಾಖ ಹೀಗೆ. ಆರಂಭದ ಕ್ರೈಸ್ತರು ಓದ್ತಿದ್ದದ್ದು ಗ್ರೀಕ್, ಹಾಗಾಗಿ ಅವೂ ಜೊತೇಲೇ ಬಂದವು. 4ನೇ ಶತಮಾನದ ಕೊನೇಲಿ ಲ್ಯಾಟಿನ್‌ಗೆ ಅನುವಾದ ಮಾಡಿದ ಜೆರೋಮ್‌ಗೆ ಅವುಗಳ ಮೇಲೆ ಅನುಮಾನ, ಅದೇ ಕಾಲದ ಬಿಷಪ್ ಅಗಸ್ಟೀನನಿಗೆ ಒಪ್ಪಿಗೆ, ಅಗಸ್ಟೀನನ ಕಡೆಯೇ ಗೆದ್ದಿತು. ಸಾವಿರಕ್ಕೂ ಹೆಚ್ಚು ವರ್ಷ ಆದ್ಮೇಲೆ, ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಮಾರ್ಟಿನ್ ಲೂಥರ್ 1534ರ ಜರ್ಮನ್ ಬೈಬಲಲ್ಲಿ ಅವನ್ನ ಎತ್ತಿ ಎರಡು ಒಡಂಬಡಿಕೆಗಳ ಮಧ್ಯೆ ಬೇರೆಯಾಗಿ ಇಟ್ಟ, ಓದೋಕೆ ಒಳ್ಳೇದು ಆದ್ರೆ ಸರಿಸಮ ಅಲ್ಲ ಅಂತ. ಅದಕ್ಕೆ ಉತ್ತರವಾಗಿ 1546ರಲ್ಲಿ ಇಟಲಿಯ ಟ್ರೆಂಟ್ ಊರಲ್ಲಿ ಸೇರಿದ ಚರ್ಚ್ ಸಭೇಲಿ ಕ್ಯಾಥೊಲಿಕರು ಅವೂ ಗ್ರಂಥವೇ ಅಂತ ಸೀಲ್ ಹೊಡೆದ್ರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಕೂತು ಮಾಡಿದ ಕನ್ನಡ ಅನುವಾದ ಪ್ರೊಟೆಸ್ಟೆಂಟ್ ಕೈಯಿಂದ ಬಂದದ್ದು, ನಮ್ಮಲ್ಲಿ ಬಹಳ ಜನಕ್ಕೆ ಬೈಬಲ್ ಅಂದ್ರೆ 66 ಪುಸ್ತಕ ಅಂತ ತಲೇಲಿ ಕೂತಿರೋದು ಆ ಸಾಲಿನ ಬೈಬಲ್‌ಗಳಿಂದ. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚಿಗೆ ಹೋದ್ರೆ 81 ಅಂತಾರೆ.

ಹೊಸ ಒಡಂಬಡಿಕೆಯ 27ರ ಬಗ್ಗೆ ಈಗ ಅಷ್ಟು ಜಗಳ ಇಲ್ಲ, ಆದ್ರೆ ಅದೇನು ಒಂದೇ ದಿನ ಆದದ್ದಲ್ಲ. ನಾಲ್ಕು ಸುವಾರ್ತೆ ಮೊದಲು ಕೂತಿರೋದ್ರಿಂದ ಅವೇ ಮೊದಲು ಬರೆದದ್ದು ಅಂತ ಅನ್ಸತ್ತೆ (ಕ್ಯಾಥೊಲಿಕರು ಸುವಾರ್ತೆಗೆ ಶುಭಸಂದೇಶ ಅಂತಾರೆ). ಹಾಗಲ್ಲ, ಊರೂರು ತಿರುಗಿ ಯೇಸುವಿನ ಬಗ್ಗೆ ಸಾರಿದ ಪೌಲನ ಪತ್ರಗಳು ಅದಕ್ಕೂ ಹಳೇವು, ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ ಸುಮಾರು 50ರದ್ದು, ಮಾರ್ಕನ ಸುವಾರ್ತೆ ಸುಮಾರು 70ರದ್ದು ಅಂತ ಹೆಚ್ಚಿನವರ ಲೆಕ್ಕ. ಪೌಲನ ಪತ್ರಗಳನ್ನ ಜೋಡಿಸಿರೋದಂತೂ ತಾರೀಕಿನ ಪ್ರಕಾರಾನೂ ಅಲ್ಲ, ವಿಷಯದ ಪ್ರಕಾರಾನೂ ಅಲ್ಲ, ಹೆಚ್ಚುಕಮ್ಮಿ ಉದ್ದದ ಪ್ರಕಾರ! ಮೊದಲು ಬೇರೆ ಬೇರೆ ಊರಿನ ಕ್ರೈಸ್ತ ಗುಂಪುಗಳಿಗೆ ಬರೆದವು ಒಂಬತ್ತು, ಉದ್ದದ ರೋಮಾಪುರದವರಿಗೆ ಮೊದಲು, ಆಮೇಲೆ ವ್ಯಕ್ತಿಗಳಿಗೆ ಬರೆದವು ನಾಲ್ಕು, ಎಲ್ಲಕ್ಕಿಂತ ಚಿಕ್ಕ ಫಿಲೆಮೋನನಿಗೆ ಬರೆದದ್ದು ಕೊನೇಲಿ, 25 ವಚನ ಅಷ್ಟೇ. ಒನೇಸಿಮ ಅನ್ನೋ ಗುಲಾಮನನ್ನ ಯಜಮಾನನ ಹತ್ರ ವಾಪಸ್ ಕಳಿಸ್ತಾ, ಅವನನ್ನ ಗುಲಾಮ ಅಂತ ನೋಡಬೇಡ ತಮ್ಮ ಅಂತ ನೋಡು ಅಂತ ಬರೆದ ಖಾಸಗಿ ಕಾಗದ ಅದು. ಒಂದು ಮನೆಗೆ ಬರೆದ ಕಾಗದ ಹೇಗೆ ಧರ್ಮಗ್ರಂಥ ಆಯ್ತು ಅಂದ್ರೆ ಜನ ನಕಲು ಮಾಡ್ಕೊಂಡು ಊರಿಂದೂರಿಗೆ ಕೊಟ್ಟು ಪ್ರಾರ್ಥನೆ ಹೊತ್ತಲ್ಲಿ ಓದ್ತಾ ಹೋದ್ರು, ಓದ್ತಾ ಓದ್ತಾ ಅದು ನಿಂತಿತು.

325ರಲ್ಲಿ ನೈಸಿಯಾದಲ್ಲಿ (ಈಗಿನ ಟರ್ಕಿ) ನಡೆದ ಬಿಷಪ್‌ಗಳ ಸಭೇಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬೇಕಾದ ಪುಸ್ತಕ ಇಟ್ಕೊಂಡು ಬೇಡದ್ದು ಸುಟ್ಟ ಅಂತ ವಾಟ್ಸಾಪಲ್ಲಿ ಬರ್ತಿರತ್ತೆ. ಆ ಸಭೆಯ 20 ನಿಯಮಗಳು ಈಗಲೂ ಸಿಗ್ತವೆ, ಅದರಲ್ಲಿ ಪುಸ್ತಕದ ಪಟ್ಟಿಯೇ ಇಲ್ಲ. ಈಗಿನ 27 ಅಷ್ಟನ್ನೇ ಹೆಸರಿಸೋ ಮೊದಲ ಪಟ್ಟಿ ಸಿಗೋದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಈಸ್ಟರ್ ತಾರೀಕು ತಿಳಿಸೋಕೆ ಪ್ರತಿ ವರ್ಷ ಬರೀತಿದ್ದ ಪತ್ರದಲ್ಲಿ. ಅದೇ ಶತಮಾನದ ಸಿನಾಯ್ಟಿಕಸ್ ಅನ್ನೋ ಕೈಬರಹದ ಬೈಬಲ್ ಹೆಚ್ಚಿನ ಭಾಗ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿದೆ, ಅದರ ಕೊನೇಲಿ ಬಾರ್ನಬನ ಪತ್ರ, ಹೆರ್ಮಾಸನ ಕುರುಬ ಅಂತ ಇನ್ನೆರಡು ಬರಹ ಹೊಲಿದಿದಾರೆ, ಇವತ್ತಿನ ಯಾವ ಬೈಬಲಲ್ಲೂ ಅವಿಲ್ಲ. ಅಂದ್ರೆ ಗೆರೆ ಎಲ್ಲಿ ಎಳೀಬೇಕು ಅನ್ನೋದು ಆಗಿನ್ನೂ ಪೂರ್ತಿ ಒಣಗಿರಲಿಲ್ಲ.

ಅಧ್ಯಾಯ, ವಚನದ ನಂಬರು ಇವೆಲ್ಲಕ್ಕಿಂತ ಈಚೆಗಿನವು (ಬೈಬಲಲ್ಲಿ ಒಂದೊಂದು ಸಾಲಿನ ತುಣುಕಿಗೆ ವಚನ ಅಂತಾರೆ, ಬಸವಣ್ಣನ ವಚನಕ್ಕೂ ಇದಕ್ಕೂ ಸಂಬಂಧ ಇಲ್ಲ). ಈಗಿನ ಅಧ್ಯಾಯಗಳು 13ನೇ ಶತಮಾನದ ಶುರುವಿನವು, ಸ್ಟೀಫನ್ ಲ್ಯಾಂಗ್ಟನ್ ಅನ್ನೋ ಇಂಗ್ಲೆಂಡಿನ ಪಾದ್ರಿ ಮಾಡಿದ್ದು ಅಂತಾರೆ, ಹೊಸ ಒಡಂಬಡಿಕೆಯ ವಚನ ಸಂಖ್ಯೆ 1551ರಲ್ಲಿ ಮುದ್ರಕ ರಾಬರ್ ಎಸ್ಟಿಯೆನ್ ಹಾಕಿದ್ದು.

ಈ ನಂಬರಿನಿಂದಲೇ ಒಮ್ಮೆ ನನ್ನ ಇಬ್ಬರು ಫ್ರೆಂಡ್ಸ್ ಮಧ್ಯೆ ಕಿತ್ತಾಟ ಆಗಿತ್ತು. ಒಬ್ಬ ಹುಬ್ಬಳ್ಳಿ ಕಡೆಯ ಪ್ರೊಟೆಸ್ಟೆಂಟ್, ಕೈಲಿ ಅಜ್ಜಿಯ ಹಳೇ ಕನ್ನಡ ಬೈಬಲ್. ಇನ್ನೊಬ್ಬ ಮಂಗಳೂರಿನ ಕ್ಯಾಥೊಲಿಕ್, ಮನೇಲಿ ಕೊಂಕಣಿ, ಫೋನಲ್ಲಿ ಇಂಗ್ಲಿಷ್ ಕ್ಯಾಥೊಲಿಕ್ ಬೈಬಲ್. ದಾನಿಯೇಲ 3ನೇ ಅಧ್ಯಾಯ ತೆಗೆದ್ರು, ಚಿನ್ನದ ಮೂರ್ತಿಗೆ ಅಡ್ಡಬೀಳಲ್ಲ ಅಂದ ಮೂವರು ಹುಡುಗರನ್ನ ರಾಜ ನೆಬೂಕದ್ನೆಚ್ಚರ ಕಟ್ಟಿಸಿ ಬೆಂಕಿಗೆ ಹಾಕಿಸ್ತಾನೆ, 23ನೇ ವಚನದ ತನಕ ಇಬ್ಬರದ್ದೂ ಒಂದೇ. 24ನೇದು ಓದು ಅಂದ್ರೆ ಹುಬ್ಬಳ್ಳಿಯವನು ರಾಜ ಬೆಚ್ಚಿ ಎದ್ದು ನಿಂತ ಅಂತ ಓದ್ದ, ಮಂಗಳೂರಿನವನು ಅವರು ಬೆಂಕಿಯೊಳಗೆ ದೇವರನ್ನ ಹಾಡ್ತಾ ತಿರುಗಾಡಿದ್ರು ಅಂತ ಓದ್ದ.

"ಏ, ಹಾಡು ಎಲ್ಲೈತೋ ಇದ್ರಾಗ, ನೀ ಬ್ಯಾರೆ ಪೇಜ್ ತೆಗ್ದೀ."

"ಇಲ್ಲ ಮಾರಾಯ, ದಾನಿಯೇಲನೇ ಇದು, ನೋಡು ಬೇಕಾದ್ರೆ."

ಗ್ರೀಕ್ ದಾನಿಯೇಲದಲ್ಲಿ ಆ ಜಾಗದಲ್ಲಿ ಅರವತ್ತಕ್ಕೂ ಹೆಚ್ಚು ವಚನದ ಪ್ರಾರ್ಥನೆ, ಹಾಡು ಇದೆ, ಹೀಬ್ರೂ ಅರಾಮಿಕ್ ಪಾಠದಲ್ಲಿ ಇಲ್ಲ. ಮಂಗಳೂರಿನವನು ಸ್ಕ್ರೋಲ್ ಮಾಡ್ತಾ ಹೋದ, ಇವನು ಬೆರಳನ್ನ 24ರ ಮೇಲೇ ಇಟ್ಕೊಂಡು ಕೂತ, ಅವನಲ್ಲಿ ರಾಜ ಎದ್ದು ನಿಂತಾಗ ನಂಬರು 91 ಆಗಿತ್ತು.