ಮೀಟರಿನ ಕಿವಿಯೇ ಬೇರೆ

"ಸದ್ದು ಜಾಸ್ತಿ" ಅಂತ ರೇಸ್ ಟ್ರ್ಯಾಕ್‌ನಿಂದ ವಾಪಸ್ ಕಳಿಸಿದ ಕಾರು ನನ್ನ ಹತ್ತಿರ ಬಂದಾಗಲೆಲ್ಲ ಮಾಲೀಕರ ಮೊದಲ ಪ್ರಶ್ನೆ ಒಂದೇ: ಯಾವ ಸೈಲೆನ್ಸರ್ ಹಾಕಿಸಲಿ? ನಾನು ತಿರುಗಿ ಕೇಳುವುದು ಬೇರೆ. ಸದ್ದು ಅಳೆಯುವ ಮೀಟರ್ ಎಲ್ಲಿಟ್ಟಿದ್ದರು? ಕಾರು ನಿಂತಿತ್ತೋ, ಓಡುತ್ತಿತ್ತೋ?

ನಿಂತ ಕಾರಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎಕ್ಸಾಸ್ಟ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿಯುತ್ತಾರೆ. ಎಂಜಿನ್ನನ್ನು ಅದರ ಗರಿಷ್ಠ ಆರ್‌ಪಿಎಂನ ಮುಕ್ಕಾಲು ಭಾಗಕ್ಕೆ ಏರಿಸುತ್ತಾರೆ. ಓಡುವ ಕಾರಿನ ಪರೀಕ್ಷೆಯಲ್ಲಿ ಮೀಟರ್ ಟ್ರ್ಯಾಕ್ ಪಕ್ಕದಲ್ಲಿ ಕದಲದೆ ಕೂತಿರುತ್ತದೆ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಎಷ್ಟೋ ದಿನಗಳ ಮಿತಿ 90 ಡೆಸಿಬಲ್. ಅರ್ಧ ಮೀಟರ್ ದೂರದಲ್ಲಿ 105 ಡೆಸಿಬಲ್ ಬಂದ ಕಾರಿನವರು ಇದನ್ನು ಕೇಳಿ ಬೆಚ್ಚುತ್ತಾರೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಟ್ರ್ಯಾಕ್ ಪಕ್ಕದ ಮೀಟರ್ 16 ಮೀಟರ್ ದೂರವಿದ್ದರೆ, ಅರ್ಧ ಮೀಟರಿನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಐದು ಇಮ್ಮಡಿ, ಅಂದರೆ 30 ಡೆಸಿಬಲ್. ಲೆಕ್ಕದ ಪ್ರಕಾರ 105 ಅಲ್ಲಿ 75 ಆಗಬೇಕು. ಆಗುವುದಿಲ್ಲ, ಏಕೆಂದರೆ ನಿಂತಲ್ಲಿ ಎಂಜಿನ್ನಿಗೆ ಲೋಡ್ ಇಲ್ಲ. ಪೂರ್ತಿ ಥ್ರಾಟಲ್ ಒತ್ತಿ ಹೋಗುವಾಗಿನ ಗರ್ಜನೆಯೇ ಬೇರೆ.

ಇನ್ನೊಂದು ವಿಷಯ ಹೇಳಿದರೆ ಹಲವರು ನಂಬುವುದೇ ಇಲ್ಲ. ಸೀಟಿನಲ್ಲಿ ಕೂತವರ ತಲೆ ತಿನ್ನುವ ಆ ಗುಂಯ್‌ಗುಡುವ ಸದ್ದಿಗೆ ಮೀಟರ್ ಅಷ್ಟಾಗಿ ಕಿವಿಗೊಡುವುದಿಲ್ಲ. ಮಾಪನಕ್ಕೆ ಬಳಸುವುದು 'ಎ' ತೂಕದ ಡೆಸಿಬಲ್, ಅಂದರೆ ಮನುಷ್ಯರ ಕಿವಿಗೆ ಹೊಂದಿಸಿದ ಅಳತೆ. ಅದರಲ್ಲಿ 100 ಹರ್ಟ್ಸ್ ಸದ್ದಿನಿಂದ ಸುಮಾರು 19 ಡೆಸಿಬಲ್, 200 ಹರ್ಟ್ಸ್ ಸದ್ದಿನಿಂದ 11ರಷ್ಟು ಕಳೆದುಬಿಡುತ್ತಾರೆ. 1000 ಹರ್ಟ್ಸ್‌ನಲ್ಲಿ ಒಂದಿಷ್ಟೂ ಕಳೆಯುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ ಹೊಗೆ ಉಗುಳುತ್ತದೆ. ಒಳಗಿದ್ದವರನ್ನು ಕಾಡುವುದು ಹೆಚ್ಚಾಗಿ ಈ 200 ಹರ್ಟ್ಸಿನ ಆಸುಪಾಸು. ನಿಮ್ಮನ್ನು ಟ್ರ್ಯಾಕಿನಿಂದ ಆಚೆ ಕಳಿಸುವುದು ಅದರ ಮೇಲಿನ ಕರಕರ, ತಗಡು ಹರಿದಂತಹ ಕರ್ಕಶ.

ಆ ಕರ್ಕಶವನ್ನು ನುಂಗುವುದೇ ನೇರ ಹಾದಿಯ ಸೈಲೆನ್ಸರಿನ ಕೆಲಸ. ಒಳಗೆ ತೂತು ತೂತಿನ ಪೈಪ್, ಅದರ ಸುತ್ತ ಗಾಜಿನ ನಾರು ಅಥವಾ ಬಸಾಲ್ಟ್ ನಾರು, ಹೊರಗೆ ತಗಡಿನ ಕವಚ. ಹೊಗೆಗೆ ತಡೆ ಇಲ್ಲದಷ್ಟೇ, ಆದ್ದರಿಂದ ಪವರ್ ಹೋಗುತ್ತದೆಂಬ ಭಯ ಬೇಡ. ಭಯ ಬೇಕಿರುವುದು ನಾರಿನ ಬಗ್ಗೆ.

ಒಮ್ಮೆ ಮಿತಿಗಿಂತ ಮೂರು ಡೆಸಿಬಲ್ ಹೆಚ್ಚು ಬಂದ ಕಾರೊಂದನ್ನು ತಂದಿದ್ದರು. ಮಾಲೀಕರು ಎರಡನೇ ಸೈಲೆನ್ಸರ್ ಕೊಳ್ಳಲು ಸಿದ್ಧರಾಗಿಯೇ ಬಂದಿದ್ದರು. ನಾನು ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೆ, ಹಗುರವಾಗಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಮರಳಿನಂತೆ ಸರಿಯಿತು. ರಿವೆಟ್ ಕೊರೆದು ಮುಚ್ಚಳ ತೆಗೆದಾಗ ಎಂಜಿನ್ ಕಡೆಯ ತುದಿ ಬರಿದು, ಹಿಂದಿನ ತುದಿಯಲ್ಲಿ ಮುಷ್ಟಿಯಷ್ಟು ಕಪ್ಪು ಹಿಟ್ಟು. ಬಿಸಿಗೆ ಬೆಂದ ನಾರು ಪುಡಿಯಾಗಿ ತೂತುಗಳಿಂದ ಹೊಗೆಯ ಜೊತೆಗೇ ಹಾರಿಹೋಗಿತ್ತು. ಪೈಪಿಗೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಉಣ್ಣೆಯ ಒಂದು ಪದರ ಸುತ್ತಿ, ಅದರ ಮೇಲೆ ಹೊಸ ನಾರನ್ನು ಬಿಗಿಯಾಗಿ ತುಂಬಿದೆವು. ಸಡಿಲ ತುಂಬಿದರೆ ಕುಣಿದು ಕುಣಿದೇ ಸವೆಯುತ್ತದೆ; ಗಿಡಿದು ತುಂಬಿದರೆ ಸದ್ದು ಒಳಕ್ಕೇ ಇಳಿಯುವುದಿಲ್ಲ. ಈ ಅಳತೆ ಬರುವುದು ಕೈ ಪಳಗಿದ ಮೇಲೇ.

ಸೋರಿಕೆಯನ್ನೂ ಅವತ್ತೇ ನೋಡಿದೆವು. ತಣ್ಣಗಿನ ಎಂಜಿನ್ ಶುರು ಮಾಡಿ, ಒದ್ದೆ ಬಟ್ಟೆಯಿಂದ ಬಾಲದ ಪೈಪನ್ನು ಅರೆಕ್ಷಣ ಮುಚ್ಚಿದರೆ ಸಾಕು, ಎಲ್ಲಿ ಬಿರುಕಿದೆಯೋ ಅಲ್ಲಿ ಚಿಟಚಿಟ ಕೇಳುತ್ತದೆ. ಎಂಜಿನ್ನಿಗೆ ಎಕ್ಸಾಸ್ಟ್ ಪೈಪು ಸೇರುವ ಜೋಡಣೆಯ, ಅಂದರೆ ಹೆಡರ್ ಫ್ಲೇಂಜಿನ, ಸುತ್ತ ಮಸಿಯ ಗೆರೆ ಕಂಡರೆ ಬೇರೆ ಸಾಕ್ಷಿ ಬೇಡ. ಆ ಸಂದಿಯಿಂದ ಹೊರಬೀಳುವ ಸದ್ದು ಯಾವ ಸೈಲೆನ್ಸರನ್ನೂ ಮುಟ್ಟದೆ ಬಂದದ್ದು. ಸಾಲದ್ದಕ್ಕೆ ಎರಡು ಉಗುಳಿನ ನಡುವೆ ಅಲ್ಲಿಂದಲೇ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ದಾರಿ ತಪ್ಪುತ್ತದೆ, ಇಂಧನ ಸುಮ್ಮನೆ ಸುರಿಯುತ್ತದೆ.

ಪೈಪಿನ ಬಾಯಿಗೆ ತುರುಕುವ ಬಿರಡೆಗಳ ಬಗ್ಗೆ ಕೇಳಬೇಡಿ. ಡೆಸಿಬಲ್ ಇಳಿಯುತ್ತದೆ, ಕುದುರೆ ಶಕ್ತಿಯೂ ಇಳಿಯುತ್ತದೆ. ಅದರ ಬದಲು ಬಾಯಿಯ ದಿಕ್ಕು ಬದಲಿಸಿ. ಕರ್ಕಶ ಸದ್ದು ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುವಂಥದು. ಟ್ರ್ಯಾಕಿನ ಎಡಕ್ಕೆ ಮೀಟರ್ ಇದ್ದರೆ ಬಾಯಿ ಬಲಕ್ಕಿರಲಿ. ನಿಯಮ ಪುಸ್ತಕ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಇನ್ನು ಒಳಗಿನ ಗುಂಯ್‌ಗೆ ಒಂದು ತುದಿ ಮುಚ್ಚಿದ ಪಕ್ಕದ ಪೈಪನ್ನು ಬೆಸುಗೆ ಹಾಕಬಹುದು. 500 ಡಿಗ್ರಿ ಬಿಸಿಯ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 555 ಮೀಟರ್. 200 ಹರ್ಟ್ಸಿನ ಅಲೆಯ ಕಾಲು ಭಾಗ ಎಂದರೆ ಹೆಚ್ಚುಕಡಿಮೆ 70 ಸೆಂಟಿಮೀಟರ್. ಮುಚ್ಚಿದ ಪೈಪಿನೊಳಗೆ ಬಿಸಿ ಕಡಿಮೆ ಇರುವುದರಿಂದ ಇದಕ್ಕಿಂತ ಗಿಡ್ಡವೇ ಸಾಕಾಗುತ್ತದೆ. ಅದು ಮುಖ್ಯವಾಗಿ ಒಂದೇ ಸ್ವರವನ್ನು ಕೊಲ್ಲುತ್ತದೆ, ಉಳಿದ ಬಹುಪಾಲಿಗೆ ಕಿವುಡು.

ಹೊಸ ನಾರು ತುಂಬಿಸಿಕೊಂಡ ಆ ಕಾರು ನಿಂತ ಪರೀಕ್ಷೆಯಲ್ಲಿ ಪಾಸಾಯಿತು. ಓಡುವಾಗ ಮತ್ತೆ ಫೇಲ್! ಮಾಲೀಕರ ಮುಖ ನೋಡಲಾಗಲಿಲ್ಲ. ಟ್ರ್ಯಾಕ್ ಪಕ್ಕ ನಿಂತು ಕೇಳಿದೆ. ಕಾರು ನಮ್ಮನ್ನು ದಾಟಿ ಹೋದ ಮೇಲೆ ಸದ್ದು ತಗ್ಗುತ್ತಿತ್ತು. ಜೋರಿದ್ದದ್ದು ಎದುರಿಗೆ ಬರುವಾಗ. ಎಂಜಿನ್ ಉಗುಳುವುದಷ್ಟೇ ಅಲ್ಲ, ಹೀರುವುದೂ ಅರಚಿಕೊಂಡೇ. ಪ್ರತಿ ಸಿಲಿಂಡರಿಗೊಂದರಂತೆ ಗಾಳಿ ಹೀರುವ ನಾಲ್ಕು ತುತ್ತೂರಿ ಕೊಳವೆ ಬಾಯಿ ತೆರೆದುಕೊಂಡಿದ್ದವು, ಫಿಲ್ಟರ್ ಪೆಟ್ಟಿಗೆಯೂ ಇರಲಿಲ್ಲ. ಒಂದು ದೊಡ್ಡ ಗಾಳಿ ಪೆಟ್ಟಿಗೆ ಕಟ್ಟಿಸಿ, ಅದರ ಬಾಯನ್ನು ಮುಂದಿನ ಬಂಪರಿನ ಕೆಳಗೆ ಇಳಿಸಿದೆವು. ಮಿತಿಯೊಳಗೆ ಬಂತು.

ವಾರ ಬಿಟ್ಟು ಅವರದೇ ಫೋನು. "ಸರ್, ಗೇರ್‌ಬಾಕ್ಸ್ ಹಾಳಾಗಿದೆ ಅನ್ಸುತ್ತೆ, ಒಂದೇ ಸಮ ಕುಯ್ಯೋ ಅಂತಿದೆ." ನೇರ ಹಲ್ಲಿನ ಗೇರುಗಳು ಮೊದಲಿನಿಂದಲೂ ಹಾಗೇ ಕುಯ್ಗುಡುತ್ತಿದ್ದವು. ಅವರಿಗೆ ಕೇಳಿಸಿದ್ದು ಈಗ.