ಕಾರವಾರ ರಸ್ತೆಯ ಕಸ ಸುಟ್ಟರೆ ಕರೆಂಟ್ ಬರುತ್ತದೆಯೇ?

ಪ್ರಶ್ನೆ: ಸ್ವೀಡನ್ ದೇಶವು ಬೇರೆಯವರ ಕಸವನ್ನು ಖರೀದಿಸಿ ವಿದ್ಯುತ್ ಉತ್ಪಾದಿಸುತ್ತದೆಯಂತೆ. ಹಾಗಿದ್ದರೆ ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಬಿದ್ದಿರುವ ಕಸದ ಗುಡ್ಡವನ್ನು ಸುಟ್ಟು ಅವಳಿ ನಗರಕ್ಕೆ ಕರೆಂಟ್ ಕೊಡಲು ಏನು ಅಡ್ಡಿ?

ಉತ್ತರ: ಕಸದ ಹೊಗೆ ಊರ ಮೇಲೆ ಕವಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಬರುವಾಗ ಸ್ವೀಡನ್ನನ್ನೂ ಜೊತೆಗೆ ಕರೆತರುತ್ತದೆ. ಆದ್ದರಿಂದ ‘ಖರೀದಿ’ಯ ಮಾತನ್ನೇ ಮೊದಲು ಇತ್ಯರ್ಥ ಮಾಡೋಣ. ಸ್ವೀಡನ್ ಕಸಕ್ಕೆ ಹಣ ಕೊಡುವುದಿಲ್ಲ, ಕಸ ತೆಗೆದುಕೊಳ್ಳಲು ಹಣ ಪಡೆಯುತ್ತದೆ. ತಮ್ಮ ನೆಲದಲ್ಲಿ ಕಸ ಹೂಳುವುದಕ್ಕೆ ಭಾರೀ ತೆರಿಗೆ ಇರುವ ಬ್ರಿಟನ್ನಿನಂಥ ದೇಶಗಳವರು ಅಲ್ಲಿನ ಸ್ಥಾವರಗಳಿಗೆ ಶುಲ್ಕ ಕಟ್ಟಿ ಕಸ ಕಳುಹಿಸಿದ್ದಾರೆ. ಸ್ಥಾವರದ ಮೊದಲ ಆದಾಯ ಈ ಶುಲ್ಕ. ಎರಡನೆಯದು ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಗಳನ್ನು ಬೆಚ್ಚಗಿಡುವ ಶಾಖದ ಮಾರಾಟ. ವಿದ್ಯುತ್ತು ಇವೆರಡರ ಜೊತೆಗೆ ಬರುವ ಮೂರನೆಯದು. ಕಸ ಸುಟ್ಟು ಬರಿಯ ವಿದ್ಯುತ್ ತೆಗೆದರೆ ಶಾಖದ ಸುಮಾರು ಕಾಲು ಭಾಗವಷ್ಟೇ ದಕ್ಕುತ್ತದೆ, ಮಿಕ್ಕದ್ದನ್ನು ಅವರು ಮನೆಮನೆಗೆ ಮಾರುತ್ತಾರೆ. ಬೆಳಗಿನ ಸ್ನಾನದ ಬಿಸಿನೀರಿನ ಹೊರತು ಅಂಥ ಶಾಖದ ಅಗತ್ಯವೇ ಇಲ್ಲದ ಹುಬ್ಬಳ್ಳಿಯಲ್ಲಿ ಅದನ್ನು ಕೊಳ್ಳುವವರು ಯಾರು?

ಕಸವು ಪುಕ್ಕಟೆ ಇಂಧನ ಎಂಬ ನಂಬಿಕೆ ಇನ್ನೂ ಹಟಮಾರಿಯಾದುದು. ನಮ್ಮ ಕಸದಲ್ಲಿ ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಗುಡಿಸಿದ ಮಣ್ಣುಗಳದೇ ದೊಡ್ಡ ಪಾಲು. ಒಂದು ಕಿಲೋ ಮಿಶ್ರ ಕಸದಲ್ಲಿ 550 ಗ್ರಾಂ ನೀರು, 150 ಗ್ರಾಂ ಮಣ್ಣು-ಕಲ್ಲು, 300 ಗ್ರಾಂ ಉರಿಯುವ ಪದಾರ್ಥ ಇದೆಯೆಂದು ಇಟ್ಟುಕೊಳ್ಳಿ. ಉರಿಯುವ ಭಾಗಕ್ಕೆ ಕಿಲೋಗೆ 4,000 ಕಿಲೋಕ್ಯಾಲೊರಿಯಂತೆ ಹಿಡಿದರೆ ಸಿಗುವುದು 1,200. ನೀರನ್ನು ಕಾಯಿಸಿ ಆವಿಯಾಗಿಸುವುದಕ್ಕೇ ಅದರಲ್ಲಿ ಸುಮಾರು 340 ಖರ್ಚಾಗಿ ಉಳಿಯುವುದು 860. ಶಕ್ತಿ ಉತ್ಪಾದನೆಗೆ ಬಳಸಬೇಕಾದ ಕಸಕ್ಕೆ 2016ರ ಘನತ್ಯಾಜ್ಯ ನಿಯಮಗಳು ಗೊತ್ತುಮಾಡಿದ ಮಟ್ಟ 1,500. ಹಸಿ ಕಟ್ಟಿಗೆಯಿಂದ ಒಲೆ ಹೊತ್ತಿಸಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು. ಕಾರವಾರ ರಸ್ತೆಯ ಹಳೆಯ ಗುಡ್ಡದಲ್ಲಂತೂ ಕೊಳೆತು ಮಣ್ಣಾದದ್ದೇ ಬಹಳ, ಮಣ್ಣು ಉರಿಯುವುದಿಲ್ಲ.

ಇದು ಬರಿಯ ಕಾಗದದ ಲೆಕ್ಕವಲ್ಲ. ದಿನಕ್ಕೆ 300 ಟನ್ ಸುಟ್ಟು 3.75 ಮೆಗಾವ್ಯಾಟ್ ತೆಗೆಯಲೆಂದು ಡೆನ್ಮಾರ್ಕ್ ತಂತ್ರಜ್ಞಾನದಿಂದ ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಕಟ್ಟಿದ ಸ್ಥಾವರವು ಕಸದ ಶಾಖಮೌಲ್ಯ ಸಾಲದೆ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಒಣ ಕಸವನ್ನು ಬೇರ್ಪಡಿಸಿ ಕೊಟ್ಟರೆ ಕೆಲಸ ಆಗುತ್ತದೆ, ನಿಜ. ಆದರೆ ಬಿಡದಿಯ ಸ್ಥಾವರದ ಲೆಕ್ಕದಲ್ಲಿ ದಿನಕ್ಕೆ 600 ಟನ್ ಕಸಕ್ಕೆ 11.5 ಮೆಗಾವ್ಯಾಟ್ ವಿದ್ಯುತ್ತು. ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಕಸದ ಸ್ಥಾವರವನ್ನು ಕಟ್ಟುವುದಾದರೆ ಕಸ ಕರಗಿಸಲು ಕಟ್ಟಬೇಕೇ ಹೊರತು ಕರೆಂಟ್ ಬಿಲ್ ಇಳಿಸಲು ಅಲ್ಲ.

‘ಉರಿಯದ ಕಸಕ್ಕೆ ಬೇಸಿಗೆಯಲ್ಲಿ ತಾನಾಗಿಯೇ ಬೆಂಕಿ ಹೇಗೆ ಹೊತ್ತಿಕೊಳ್ಳುತ್ತದೆ?’ ಎಂದು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಗಾಳಿಯಾಡದ ಒಳಪದರಗಳಲ್ಲಿ ಹಸಿ ಕಸ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಅದು ಮೇಲೇರಿ, ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕು, ಚಿಂದಿಗಳ ನಡುವೆ ಕಿಡಿ ತಗುಲಿ ಹೊತ್ತಿಕೊಳ್ಳುತ್ತದೆ. ಸ್ಥಾವರದಲ್ಲಿ ಡಯಾಕ್ಸಿನ್‌ನಂಥ ವಿಷ ನಾಶವಾಗಲು ಹೊಗೆಯನ್ನು ಕನಿಷ್ಠ ಎರಡು ಸೆಕೆಂಡು 850 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿಡಬೇಕು. ಗುಡ್ಡದಲ್ಲಿ ದಿನಗಟ್ಟಲೆ ಹೊಗೆಯಾಡುವ ಬೆಂಕಿ ಆ ವಿಷವನ್ನು ಹುಟ್ಟಿಸುತ್ತದೆ. ಅದೇ ಹಸಿ ಕಸವನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ನಮ್ಮ ಕೈಗೆ ಸಿಗುತ್ತದೆ, ನೀರಿನಂಶವೂ ಅಡ್ಡಿಯಾಗುವುದಿಲ್ಲ. ಇಂದೋರ್‌ನಲ್ಲಿ 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ದಿನಕ್ಕೆ 550 ಟನ್ ಸಾಮರ್ಥ್ಯದ ಸ್ಥಾವರ ಮಾಡುವುದು ಇದನ್ನೇ. ಅಲ್ಲಿಗೆ ಹೋಗುವುದು ಮನೆಯಲ್ಲೇ ಬೇರ್ಪಡಿಸಿಕೊಟ್ಟ ಹಸಿ ಕಸ.