ಬಾಯಿ ಬಿಡದ ಮಗುವನ್ನು ಮುಂದೆ ನಿಲ್ಲಿಸಬೇಕೇ?

ಪ್ರಶ್ನೆ: ನಾಲ್ಕನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ವಾರಕ್ಕೊಂದು ಪೀರಿಯಡ್ ರಂಗಾಟ (ಅಭಿನಯ ಕಲಿಸುವ ಆಟ) ಆಡಿಸುತ್ತೇನೆ. ಐದಾರು ಮಕ್ಕಳು ಮೂಲೆ ಬಿಟ್ಟು ಬರುವುದೇ ಇಲ್ಲ. ಒಬ್ಬೊಬ್ಬರನ್ನೇ ಮುಂದೆ ಕರೆದು ಎರಡು ಸಾಲು ಅಭಿನಯ ಮಾಡಿಸಿದರೆ ನಾಚಿಕೆ ತಾನಾಗಿಯೇ ಬಿಡುತ್ತದೆ ಎಂದು ಹಿರಿಯ ಶಿಕ್ಷಕರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಜೂನ್‌ನಲ್ಲಿ ಶಾಲೆ ತೆರೆದಾಗ ಒಮ್ಮೆ, ಡಿಸೆಂಬರ್‌ನಲ್ಲಿ ವಾರ್ಷಿಕೋತ್ಸವದ ತಾಲೀಮು ಹತ್ತಿರವಾದಾಗ ಮತ್ತೊಮ್ಮೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಎಷ್ಟು ಸಲ ಕೇಳಿದರೂ ಉತ್ತರ ಇದೇ. ಆದರೂ ಈ ನಂಬಿಕೆ ಹೋಗುತ್ತಿಲ್ಲವಾದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನಂಬಿಕೆ ಉಳಿದಿರುವುದಕ್ಕೆ ಕಾರಣ ಅದು ಮೇಲ್ನೋಟಕ್ಕೆ ಫಲ ಕೊಡುವುದು. ಮಗುವನ್ನು ಕರಿಹಲಗೆಯ ಮುಂದೆ ನಿಲ್ಲಿಸಿ ‘ಹೇಳು ಪುಟ್ಟಾ, ಯಾರೂ ನಗಲ್ಲ’ ಎಂದರೆ ಅದು ಹೇಳಿಯೇ ಬಿಡುತ್ತದೆ. ಹೇಗೆ ಹೇಳಿತು ಎಂಬುದನ್ನು ಗಮನಿಸಿ. ಕಣ್ಣು ಎದುರು ಗೋಡೆಯ ಮೇಲಿನ ಯಾವುದೋ ಚಾರ್ಟಿಗೆ ಅಂಟಿದೆ. ಎಡಗೈಯ ಬೆರಳು ಸಮವಸ್ತ್ರದ ಅಂಚನ್ನು ಸುತ್ತುತ್ತಿದೆ. ಎರಡು ಸಾಲೂ ಒಂದೇ ಉಸಿರಿಗೆ ಬಂದವು, ಕೊನೆಯ ಪದ ಗಂಟಲಲ್ಲೇ ಉಳಿಯಿತು, ಮಾತು ಮುಗಿಯುವ ಮೊದಲೇ ಪಾದ ಬೆಂಚಿನ ಕಡೆ ತಿರುಗಿದೆ. ನಾವು ಚಪ್ಪಾಳೆ ಹೊಡೆಸಿ ‘ನೋಡಿದಿರಾ, ಹೇಳಿತು’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಮಗುವಿಗೆ ದಕ್ಕಿದ್ದು ಬೇಗ ಪಾರಾಗುವ ಉಪಾಯ ಮಾತ್ರ. ಮುಂದಿನ ವಾರ ಸರಿಯಾಗಿ ಆ ಪೀರಿಯಡ್ಡಿಗೇ ಅದಕ್ಕೆ ಹೊಟ್ಟೆನೋವು ಬರುತ್ತದೆ. ಆ ಹೊಟ್ಟೆನೋವು ಸುಳ್ಳೂ ಅಲ್ಲ.

ಎರಡನೆಯ ಕಾರಣ, ‘ನನ್ನನ್ನೂ ಹಾಗೇ ತಳ್ಳಿದರು, ಈಗ ನೋಡಿ ಹೇಗೆ ಮಾತಾಡುತ್ತೇನೆ’ ಎನ್ನುವವರು. ಹೀಗೆ ಹೇಳುವವರೆಲ್ಲ ದಾಟಿ ಬಂದವರೇ. ಅದೇ ದಿನ ಅದೇ ಜಾಗದಲ್ಲಿ ನಿಂತು, ಇನ್ನೆಂದೂ ವೇದಿಕೆಯ ಹತ್ತಿರ ಸುಳಿಯುವುದಿಲ್ಲ ಎಂದು ತೀರ್ಮಾನಿಸಿದವರು ನಮ್ಮ ಮುಂದೆ ಬಂದು ಸಾಕ್ಷಿ ಹೇಳುವುದಿಲ್ಲ.

ಮೂರನೆಯದು, ಹಿಂದಿನವರು ಹೀಗೇ ಕಲಿಸುತ್ತಿದ್ದರು ಎಂಬ ಮಾತು. ಕರಾವಳಿಯ ಯಕ್ಷಗಾನವನ್ನೇ ತೆಗೆದುಕೊಳ್ಳಿ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ವೇಷ ಕೊಡುತ್ತಿರಲಿಲ್ಲ. ಕಥೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ ವೇಷ. ಮಾತಿಲ್ಲ, ಕುಣಿತವಷ್ಟೇ. ಪಕ್ಕದಲ್ಲಿ ಇನ್ನೊಬ್ಬ ಇರುತ್ತಾನೆ, ಜನ ಇನ್ನೂ ಬಂದು ಕೂರುತ್ತಿರುವ ಹೊತ್ತದು. ಹೊಸಬನನ್ನು ಒಂಟಿಯಾಗಿ, ಮಾತಿನೊಂದಿಗೆ, ತುಂಬಿದ ಸಭೆಯ ಮುಂದೆ ನಿಲ್ಲಿಸಬಾರದೆಂಬ ತಿಳಿವಳಿಕೆ ಆ ಕ್ರಮದಲ್ಲೇ ಇದೆ.

ಇನ್ನು ನಾಚಿಕೆ ಬಿಡುವುದು ಯಾವಾಗ? ಮಗುವಿನ ಗಮನ ತನ್ನ ಮೈಮೇಲಿಂದ ಒಂದು ಕೆಲಸದ ಮೇಲೆ ಹೋದಾಗ. ಷಿಕಾಗೋದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳ ಜೊತೆ ಕೆಲಸ ಮಾಡಿ ರಂಗಾಟಗಳನ್ನು ರೂಪಿಸಿದ ವಯೋಲಾ ಸ್ಪೋಲಿನ್ 1963ರ ತಮ್ಮ ಪುಸ್ತಕದಲ್ಲಿ ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟಿದ್ದಾರೆ. ಅರ್ಧ ಗುಂಪು ಸಾಲಾಗಿ ನಿಲ್ಲಬೇಕು, ಉಳಿದರ್ಧ ಕೂತು ಅವರನ್ನೇ ನೋಡಬೇಕು. ನಿಂತವರಿಗೆ ಯಾವ ಕೆಲಸವೂ ಇಲ್ಲ. ಸ್ವಲ್ಪ ಹೊತ್ತಿಗೇ ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ, ಒಬ್ಬ ಕಿಸಕ್ಕನೆ ನಗುತ್ತಾನೆ, ಇನ್ನೊಬ್ಬಳು ಕಾಲು ಬದಲಿಸುತ್ತಾಳೆ. ಆಗ ‘ಕೋಣೆಯಲ್ಲಿರುವ ಹಲಗೆಗಳನ್ನು ಎಣಿಸಿ’ ಎಂಬಂಥ ಒಂದು ಕೆಲಸ ಕೊಟ್ಟರೆ ಸಾಕು, ಮೈ ಸಡಿಲವಾಗುತ್ತದೆ. ನೋಡುವವರು ಅಷ್ಟೇ ಜನ, ನಿಂತ ಜಾಗವೂ ಅದೇ. ಸೇರಿದ್ದು ಕೆಲಸವೊಂದೇ. (ನಾಚುವ ಮಕ್ಕಳಿರುವ ತರಗತಿಯಲ್ಲಿ ಈ ಪ್ರಯೋಗದ ಮೊದಲರ್ಧವನ್ನು ಮಾಡಿಸಲು ಹೋಗಬೇಡಿ. ಶಿಕ್ಷಕರ ತರಬೇತಿಯಲ್ಲಿ ಮಾಡಿಸಿ, ಆಗ ಅವರಿಗೇ ತಿಳಿಯುತ್ತದೆ.)

ಹಾಗಾಗಿ ‘ಅಜ್ಜಿ ಥರ ಮಾಡು’ ಎನ್ನಬೇಡಿ. ‘ಕುದಿಯುವ ಅನ್ನದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಒಲೆಯಿಂದ ಇಳಿಸು, ಕಾಲ ಮೇಲೆ ಚೆಲ್ಲದ ಹಾಗೆ ಗಂಜಿ ಬಸಿ’ ಎನ್ನಿ. ‘ದುಃಖ ತೋರಿಸು’ ಎಂದರೆ ಮಗು ತುಟಿ ಕೆಳಗೆ ಮಾಡಿ ನಿಲ್ಲುತ್ತದೆ. ‘ಅಂಗಡಿಗೆ ಕೊಟ್ಟ ಹತ್ತು ರೂಪಾಯಿ ಮರಳಿನಲ್ಲಿ ಬಿದ್ದಿದೆ, ಹುಡುಕು’ ಎಂದರೆ ಮುಖಕ್ಕೆ ಬರಬೇಕಾದದ್ದೆಲ್ಲ ತಾನಾಗಿ ಬರುತ್ತದೆ.

ಈಗ ಕ್ರಮಕ್ಕೆ ಬರೋಣ. ಮೊದಲು ಜಾಗದ ಲೆಕ್ಕ. ಇಪ್ಪತ್ತಡಿ ಚೌಕದ ಕೋಣೆಯಲ್ಲಿ ಬೆಂಚುಗಳನ್ನೆಲ್ಲ ಹೊರಗಿಟ್ಟರೂ ಹದಿನೆಂಟು ಅಡಿ ಅಡ್ಡಳತೆಯ ವೃತ್ತವೇ ಹೆಚ್ಚು. ಮಗುವಿಗೆ ಎರಡಡಿಯಂತೆ 28 ಮಕ್ಕಳು ಹಿಡಿಯುತ್ತಾರೆ. 42 ಮಕ್ಕಳನ್ನು ಒಂದೇ ವೃತ್ತಕ್ಕೆ ತುರುಕಿದರೆ ತಳ್ಳಾಟ ಶುರುವಾಗಿ, ತಳ್ಳಿಸಿಕೊಳ್ಳುವುದು ಅದೇ ಐದಾರು ಮಕ್ಕಳಾಗುತ್ತಾರೆ. ಒಳಗೆ ಹತ್ತಡಿಯ ಇನ್ನೊಂದು ವೃತ್ತ ಮಾಡಿ ಹದಿನಾಲ್ಕು ಹದಿನೈದು ಮಕ್ಕಳನ್ನು ನಿಲ್ಲಿಸಿ. ಇಲ್ಲವೇ ಪ್ರಾರ್ಥನೆ ನಡೆಯುವ ಅಂಗಳಕ್ಕೆ ಹೋಗಿ. ಅಲ್ಲಿ ಸುಣ್ಣದ ಗೆರೆ ಎಳೆದುಕೊಳ್ಳಿ, ಗಡಿಯಿಲ್ಲದ ಬಯಲಿನಲ್ಲಿ ಆಟ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ಆಮೇಲೆ ನಿಲ್ಲಿಸುವ ಸದ್ದು. ಪಿ.ಟಿ. ವಿಷಲ್ ಬೇಡ, ಅದನ್ನು ಕೇಳಿದ ಮಕ್ಕಳು ಓಡಲು ಸಿದ್ಧರಾಗುತ್ತಾರೆ. ತಮಟೆ ಇದ್ದರೆ ತಮಟೆ, ಇಲ್ಲದಿದ್ದರೆ ಸ್ಟೀಲ್ ತಟ್ಟೆ ಮತ್ತು ಚಮಚ. ಬಡಿತ ಇರುವಷ್ಟು ಹೊತ್ತು ನಡೆಯಬೇಕು, ನಿಂತ ಕೂಡಲೇ ಇದ್ದಲ್ಲೇ ಕಲ್ಲಾಗಬೇಕು. ಯಾವ ಆಟವನ್ನೂ ಶುರು ಮಾಡುವ ಮೊದಲು ಇದನ್ನೇ ಮೂರು ನಾಲ್ಕು ಸಲ ಆಡಿಸಿ. ಮಕ್ಕಳು ಪೂರ್ತಿ ನಿಂತ ಮೇಲೆ, ಸಣ್ಣ ದನಿಯಲ್ಲಿ ಸೂಚನೆ ಕೊಡಿ. ಗದ್ದಲದ ಮೇಲೆ ಕೂಗಿ ಹೇಳಿದ ಸೂಚನೆ ಹಿಂದಿನ ಸಾಲಿಗೆ ತಲುಪುವುದಿಲ್ಲ, ಅಲ್ಲಿರುವ ನಾಚುವ ಮಗು ‘ನನಗೆ ಗೊತ್ತಾಗಲಿಲ್ಲ’ ಎಂದು ಮತ್ತೆ ಗೋಡೆ ಸೇರುತ್ತದೆ.

ಮೊದಲ ಎರಡು ಮೂರು ವಾರ ಪ್ರೇಕ್ಷಕರೇ ಇರಬಾರದು. ಎಲ್ಲರೂ ಒಟ್ಟಿಗೆ ಮಾಡುವ ಆಟಗಳು ಮಾತ್ರ. ತಟ್ಟೆ ಬಡಿಯುತ್ತ ನಡೆಸಿ: ಗದ್ದೆಯ ಕೆಸರು, ಏಪ್ರಿಲ್ ಮಧ್ಯಾಹ್ನದ ಟಾರು ರಸ್ತೆ, ಮುಳ್ಳು ಬಿದ್ದ ದಾರಿ, ತಲೆಯ ಮೇಲೆ ಕೊಡ. ಒಂದೊಂದಕ್ಕೂ ಅರ್ಧ ನಿಮಿಷ ಸಾಕು. ಯಾರನ್ನೂ ತೋರಿಸಿ ‘ಇವಳ ಹಾಗೆ ಮಾಡಿ’ ಎನ್ನಬೇಡಿ.

ನಂತರ ಇಬ್ಬಿಬ್ಬರ ಆಟ. ನಾಚುವ ಮಗುವಿಗೆ ಪೆನ್ಸಿಲ್ ಆಟದಷ್ಟು ಒಗ್ಗುವುದು ಬೇರೆ ಇಲ್ಲ. ಮೊನೆ ಮಾಡದ ಹೊಸ ಪೆನ್ಸಿಲ್ಲಿನ ಒಂದು ತುದಿ ಒಬ್ಬರ ತೋರುಬೆರಳಿಗೆ, ಇನ್ನೊಂದು ತುದಿ ಮತ್ತೊಬ್ಬರ ತೋರುಬೆರಳಿಗೆ ಒತ್ತಿಕೊಂಡಿರಬೇಕು. ಬೀಳಿಸದೆ ನಡೆಯಬೇಕು, ಕೂರಬೇಕು, ಏಳಬೇಕು, ಮಾತಾಡುವಂತಿಲ್ಲ. ಕಣ್ಣು ಪೆನ್ಸಿಲ್ ಮೇಲಿರುವುದರಿಂದ ಯಾರು ನೋಡುತ್ತಿದ್ದಾರೆ ಎಂಬುದೇ ಮರೆತುಹೋಗುತ್ತದೆ. ಹುಡುಗ ಹುಡುಗಿ ಕೈ ಹಿಡಿಯಲು ಮುಜುಗರಪಡುವ ನಾಲ್ಕು ಐದನೇ ತರಗತಿಯಲ್ಲಿ ಆ ತಕರಾರೂ ಇಲ್ಲ. ಬೀಳುತ್ತಲೇ ಇದ್ದರೆ ಒಬ್ಬರು ಎಳೆಯುತ್ತಿದ್ದಾರೆ ಎಂದರ್ಥ. ‘ನಿಧಾನ’ ಎಂದು ಹೇಳುವ ಬದಲು ‘ಕಣ್ಣು ಮುಚ್ಚಿ’ ಎನ್ನಿ, ಇಬ್ಬರೂ ತಾವಾಗಿ ನಿಧಾನವಾಗುತ್ತಾರೆ. ಆಗ ಗೋಡೆ, ಬೆಂಚು ಹತ್ತಿರ ಇರದಂತೆ ನೋಡಿಕೊಳ್ಳಿ.

ಕನ್ನಡಿ ಆಟ ಎಲ್ಲರಿಗೂ ಗೊತ್ತು, ಹೆಚ್ಚಿನವರು ಕೆಡಿಸುವುದೂ ಅದನ್ನೇ. ಚುರುಕು ಹುಡುಗ ಎದುರಿನವರನ್ನು ಸೋಲಿಸಲೆಂದು ಸರಸರ ಕೈ ಬೀಸುತ್ತಾನೆ. ನಿಯಮ ಬದಲಿಸಿ: ನೋಡಿದವರಿಗೆ ಯಾರು ಮುಂದಾಳು, ಯಾರು ಕನ್ನಡಿ ಎಂಬುದೇ ಗೊತ್ತಾಗಬಾರದು. ಒಂದು ನಿಮಿಷಕ್ಕೆ ಅದಲು ಬದಲು.

ಮೂರನೆಯ ಹಂತಕ್ಕೆ ಐವರ ಗುಂಪಿನ ಸ್ತಬ್ಧಚಿತ್ರ. ಸಂತೆ, ಕೆಂಪು ಬಸ್ಸು ಹತ್ತುವ ಜನ, ಕೆಸರಲ್ಲಿ ಸಿಕ್ಕ ಗಾಡಿ. ತಯಾರಿಗೆ ಎರಡು ನಿಮಿಷ, ಹತ್ತು ಎಣಿಸುವವರೆಗೆ ನಿಲ್ಲಬೇಕು. ನಾಚುವ ಮಗು ಬಸ್ ನಿಲ್ದಾಣದ ಕಂಬವಾದರೆ ಆಗಲಿ, ಅದೂ ಪಾತ್ರವೇ. ಟವೆಲನ್ನು ಕೈಯಿಂದ ಕೈಗೆ ದಾಟಿಸುತ್ತ ಕೊಳಲು, ಹಾವು, ಮಗು ಎಂದು ಬದಲಿಸುವ ಆಟ ಇದಾದ ಮೇಲೆ. ಅದರಲ್ಲಿ ‘ಪಾಸ್’ ಎನ್ನುವ ಹಕ್ಕು ಎಲ್ಲರಿಗೂ ಇರಬೇಕು, ನಿಮಗೂ ಸೇರಿ. ಪಾಸ್ ಹೇಳಿದ ಮಗುವಿನ ಮುಂದೆ ಟವೆಲ್ ಒಂದು ಕ್ಷಣವೂ ನಿಲ್ಲಬಾರದು. ‘ಒಂದೇ ಒಂದ್ಸಲ, ಪ್ಲೀಸ್’ ಎಂದು ಒತ್ತಾಯಿಸಿದರೆ ಆ ಹಕ್ಕು ಸುಳ್ಳಾಯಿತು.

ಇನ್ನೊಂದು ತಪ್ಪು ಒಳ್ಳೆಯ ಶಿಕ್ಷಕರೇ ಮಾಡುವಂಥದ್ದು. ಮೂಲೆಯ ಮಗು ಒಂದು ದಿನ ತಾನಾಗಿ ಟವೆಲ್ ಹಿಡಿದು ಏನೋ ಮಾಡುತ್ತದೆ. ನಮಗೆ ಖುಷಿ ತಡೆಯುವುದಿಲ್ಲ, ಎಲ್ಲರಿಂದ ಜೋರು ಚಪ್ಪಾಳೆ ಹೊಡೆಸುತ್ತೇವೆ. 42 ಜೋಡಿ ಕಣ್ಣು ಒಟ್ಟಿಗೆ ಆ ಮಗುವಿನ ಮೇಲೆ ಬೀಳುತ್ತವೆ, ಇಷ್ಟು ದಿನ ಅದು ಹೆದರಿದ್ದೂ ಇದಕ್ಕೇ. ಎಲ್ಲರಿಗೆ ಎಷ್ಟೋ ಅದಕ್ಕೂ ಅಷ್ಟೇ. ತಲೆಯಾಡಿಸಿ ಟವೆಲ್ ಮುಂದೆ ಕಳಿಸಿ.

ಮಾತಾಡದ ಮಗುವೆಲ್ಲ ನಾಚುವ ಮಗುವೇ ಎಂದುಕೊಳ್ಳುವುದೂ ಅವಸರ. ಲಂಬಾಣಿ ತಾಂಡಾದಿಂದ ಬರುವ ಮಗು, ಮನೆಯಲ್ಲಿ ಉರ್ದುವೋ ತುಳುವೋ ತೆಲುಗೋ ಆಡುವ ಮಗು ನಮ್ಮ ಕನ್ನಡಕ್ಕೆ ತಡವರಿಸುತ್ತಿರಬಹುದು. ಒಂದು ದಿನ ಅರ್ಥವಿಲ್ಲದ ಭಾಷೆಯಲ್ಲಿ ಸಂತೆ ವ್ಯಾಪಾರ ಮಾಡಿಸಿ, ಇನ್ನೊಂದು ದಿನ ಮನೆಮಾತಿನಲ್ಲೇ ಜಗಳ ಆಡಿಸಿ. ಬಾಯಿ ಇಲ್ಲವೆಂದುಕೊಂಡ ಹುಡುಗಿ ಚೌಕಾಸಿಗೆ ನಿಲ್ಲುವುದನ್ನು ಕಾಣುತ್ತೀರಿ. ಪಕ್ಕದವರು ಮಾಡಿದ್ದನ್ನು ನೋಡಿ ಯಾವಾಗಲೂ ಒಂದು ಗಳಿಗೆ ತಡವಾಗಿ ಮಾಡುವ ಮಗುವಿದ್ದರೆ ಮನೆಯವರಿಗೆ ಹೇಳಿ ಕಿವಿ ಪರೀಕ್ಷೆ ಮಾಡಿಸಿ. ಸುಮ್ಮನೆ ನೋಡುತ್ತ ಕೂತು, ಮನೆಗೆ ಹೋಗಿ ಎಲ್ಲ ಆಟವನ್ನೂ ತಮ್ಮ ತಂಗಿಯರಿಗೆ ಆಡಿಸುವ ಮಗುವೂ ಉಂಟು. ಅದಕ್ಕೆ ಕಾಲ ಬೇಕು, ಬೇರೇನೂ ಬೇಡ.

ಒಂದು ಎರಡನೇ ತರಗತಿಯವರಿಗೆ ಇದರಲ್ಲಿ ಅರ್ಧವೂ ಬೇಡ. ಹದಿನೈದು ಇಪ್ಪತ್ತು ನಿಮಿಷ, ಎಲ್ಲರೂ ಒಟ್ಟಿಗೆ, ನೀವೂ ಅವರೊಳಗೊಬ್ಬರಾಗಿ.

ನೀವು ಕೇಳಿಲ್ಲ, ಆದರೂ ವಾರ್ಷಿಕೋತ್ಸವದ ಮಾತು ಇಲ್ಲಿಗೆ ಬಂದೇ ಬರುತ್ತದೆ. ವರ್ಷವಿಡೀ ಹೀಗೆ ಆಡಿಸಿ, ಕೊನೆಗೆ ನಾಟಕಕ್ಕೆ ಆರು ಗಟ್ಟಿ ದನಿಯ ಮಕ್ಕಳನ್ನು ಆರಿಸಿ ಉಳಿದವರನ್ನು ಮರ ಗಿಡ ಮಾಡಿದರೆ ಅಷ್ಟೂ ವ್ಯರ್ಥ. ಪ್ರತಿಭಾ ಕಾರಂಜಿಯ ಛದ್ಮವೇಷ ಬೇರೆ, ಅಲ್ಲಿ ಸ್ಪರ್ಧಿಸಬೇಕೆನ್ನುವ ಮಗು ಒಂಟಿಯಾಗಿ ನಿಲ್ಲುತ್ತದೆ. ತರಗತಿಯ ನಾಟಕಕ್ಕೆ ಗುಂಪಿಗೆ ಕೆಲಸವಿರುವ ಕಥೆ ಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಶಾಲೆಗಳಿಗೆ ಇಷ್ಟು ಒಗ್ಗುವುದು ಅದಕ್ಕೇ. ಇಲಿಗಳ ಹಿಂಡು, ಊರಿನ ಜನ, ಮಕ್ಕಳ ಸಾಲು, 42 ಮಕ್ಕಳಿಗೂ ಓಡಾಟವಿದೆ, ಇಲಿಯಾದವರಿಗೆ ಕದಿಯಲು, ಕಡಿಯಲು, ಅಡಗಲು ಕೆಲಸವಿದೆ.

ಹದಿನೈದು ನಿಮಿಷ ಮೀರದ ನಾಟಕಕ್ಕೆ ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕು ವಾರದ ತಾಲೀಮು ಸಾಕು. ಮಾತುಗಳನ್ನು ಹತ್ತು ಮಕ್ಕಳ ಮೇಳಕ್ಕೆ (ಹಿನ್ನೆಲೆಯ ಗುಂಪಿಗೆ) ಹಂಚಿ, ವೇದಿಕೆಯ ಪಕ್ಕದಲ್ಲಿ ಒಂದು ಮೈಕಿನ ಮುಂದೆ ಕೂರಿಸಿ, ಹಾಡೂ ಅವರದೇ ಇರಲಿ. ಆಡುವವರು ಮೈಕಿನ ಹಂಗಿಲ್ಲದೆ ಓಡಾಡಲಿ. ಪ್ರತಿ ಪಾತ್ರವನ್ನೂ ಮೈಕಿಗೆ ಓಡಿಸಿದರೆ ಎರಡು ಮಾತಿನ ನಡುವೆ ಐದೈದು ಸೆಕೆಂಡು ಖಾಲಿ ಬೀಳುತ್ತದೆ, ಆ ಖಾಲಿಯಲ್ಲೇ ಹೆದರುವ ಮಗು ಮಾತು ಮರೆಯುವುದು. ಮೇಳದಲ್ಲಿ ಯಾರಿರಬೇಕು ಎಂದು ನೀವು ತೀರ್ಮಾನಿಸಬೇಡಿ, ಮೊದಲ ವಾರ ಎಲ್ಲರಿಂದಲೂ ಎಲ್ಲವನ್ನೂ ಆಡಿಸಿ ಆಮೇಲೆ ಮಕ್ಕಳನ್ನೇ ಕೇಳಿ.